ಷರಾ

ನಮೂನೆಯಲ್ಲಿ ಒಟ್ಟು ಇಪ್ಪತ್ತೆರಡು ಪ್ರಶ್ನೆ.
ಒಂಟಿಕಾಲಲ್ಲಿ ಐದು ಸೆಕೆಂಡು ನಿಲ್ಲುತ್ತದೆಯೇ.
ದೊಡ್ಡದು ಸಣ್ಣದು ಬೇರೆ ಮಾಡುತ್ತದೆಯೇ.
ಎಡ ಬಲ ಗೊತ್ತೇ.
ಮಗು ಅಂದರೆ ನಪುಂಸಕಲಿಂಗ,
ಆದ್ದರಿಂದ ಎಲ್ಲಕ್ಕೂ ‘ತ್ತದೆಯೇ’.
ಕೊನೆಗೆ ಷರಾ ಎಂದೊಂದು ಅಂಕಣ,
ಬೆರಳಗಲ ಜಾಗ.

ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನ ಹಿಂದಿನ ಸಾಲಲ್ಲಿ ನಮ್ಮ ಅಂಗನವಾಡಿ.
ಈ ಮಗ್ಗುಲಿಗೆ ಬಣ್ಣ ಹೊಡೆಯುವ ಶೆಡ್ಡು,
ಆ ಮಗ್ಗುಲಿಗೆ ರೇಡಿಯೇಟರ್ ಅಂಗಡಿ.
ಇಲ್ಲಿಯ ಮಕ್ಕಳಿಗೆ ಕೆಂಪು ಎಂದರೆ ಸೇಬಲ್ಲ,
ಒಣಗಲು ಒರಗಿಸಿಟ್ಟ ಲಾರಿಯ ಬಾಗಿಲು.

ತುಕಾರಾಮನ ಅಪ್ಪ ನಾಗೋಜಿರಾಯರದು ಟಿಂಕರಿಂಗ್ ಕೆಲಸ.
ಊರ ಗಾಡಿಗಳ ತುಕ್ಕನ್ನೆಲ್ಲ ಉಜ್ಜಿ ತೆಗೆದು
ಮನೆಗೆ ಹೋಗಿ ಮಗನನ್ನು ತುಕ್ಕು ಅಂತಲೇ ಕರೆಯುತ್ತಾರೆ.

ಶುಕ್ರವಾರ ಬಂದರು. ಕೈಯಲ್ಲಿ ಸ್ಲೇಟು,
ಸ್ಲೇಟಿನಲ್ಲಿ ಏನೂ ಇಲ್ಲ.
“ಟೀಚರೇ, ಪಕ್ಕದ ಮನೆ ಹುಡುಗ ಝಡ್‌ವರೆಗೆ ಬರೀತಾನೆ.
ಇವನು ಜೇಬಲ್ಲಿ ಮರಳು ತರ್ತಾನೆ.
ಬರೀ ಆಟ ಆದ್ರೆ ಹೆಂಗೆ?”

ಉತ್ತರ ಇತ್ತು ನನ್ನ ಹತ್ತಿರ,
ತರಬೇತಿಯಲ್ಲಿ ಬರೆಸಿದ್ದು, ಮೂರು ಪುಟ.
ಬಾಯಿಗೆ ಬರಲಿಲ್ಲ.
ಅಷ್ಟರಲ್ಲಿ ಬೆಂಚು ಕೆಟ್ಟು ನಿಂತಿತು.

ಅದು ಸಾಗರದ ಬಸ್ಸು. ಕುಂಟುಕಾಲಿನ ಉದ್ದ ಬೆಂಚು.
ಅದರ ರಿಪೇರಿಗೆ ನಾನು ಕೊಟ್ಟ ಅರ್ಜಿಗೆ ಈಗ ಎರಡು ವರ್ಷ,
ಇನ್ನೊಂದು ತುಂಬಿದರೆ ಅದನ್ನೂ ಇಲ್ಲೇ ಸೇರಿಸಿಕೊಳ್ಳಬಹುದು.
ಸೋನಾಬಾಯಿ ಕಂಡಕ್ಟರ್:
ಆಯನೂರು ಕುಂಸಿ ಚೋರಡಿ ಆನಂದಪುರ, ಒಂದೇ ಉಸಿರಿಗೆ.
ಹುಣಸೆಬೀಜ ಒಂದಕ್ಕೆ ಟಿಕೆಟ್ಟೊಂದು,
ಚಿಲ್ಲರೆ ಕೇಳಿದರೆ “ಇಳಿಯುವಾಗ ಕೊಡ್ತೀನಿ”.

ತುಕ್ಕು ಬೆಂಚಿನಡಿ ಅಂಗಾತ ಮಲಗಿ ಕೈ ಚಾಚಿದ.
“ಹತ್ತರ ಸ್ಪ್ಯಾನರ್.”
ಉಜ್ಮಾ ಚಮಚ ಇಟ್ಟಳು.
“ಇದು ಎಂಟು. ದೊಡ್ಡದು ಕೊಡೇ.”
ಅಡುಗೆಕೋಣೆಗೆ ಓಡಿ ಜಯಶೀಲಕ್ಕನ ಸೌಟು ತಂದಳು.
“ಅಯ್ಯೋ, ಇದು ಲಾರೀದು.
ಅದಕ್ಕೂ ಇದಕ್ಕೂ ಮಧ್ಯದ್ದು.”

ಮಧ್ಯದ್ದು.
ಈ ಒಂದು ಮಾತಿಗಾಗಿ ಜೂನ್ ತಿಂಗಳಿಡೀ
ಮೂರು ಅಳತೆಯ ಆನೆ ಕತ್ತರಿಸಿ ಗೋಡೆಗೆ ಅಂಟಿಸಿದವಳು ನಾನು.

ರಾಯರು ಬಗ್ಗಿದರು, ಸ್ಲೇಟು ಕಂಕುಳಿಗೆ ಹೋಯಿತು.
“ಏನಾಗಿದೆ ಗಾಡಿಗೆ?”
ತುಕ್ಕು ಗಿರಾಕಿಯನ್ನು ನೋಡುವ ಹಾಗೆ ನೋಡಿದ.
“ಪಾರ್ಟ್ಸ್ ಬಂದಿಲ್ಲ ಸಾರ್. ನಾಳೆ ಬನ್ನಿ.”
ಅಪ್ಪ ನಗಲಿಲ್ಲ. ಕಿವಿ ಕೆಂಪಾಯಿತು,
ಹೇಳಿದೆನಲ್ಲ, ಆ ಬಾಗಿಲಿನ ಕೆಂಪು.

ನಾಳೆ ಬನ್ನಿ ಅಂದದ್ದಕ್ಕೆ ಮರುದಿನ ಬಂದೇಬಿಟ್ಟರು,
ನಿಜದ ಸ್ಪ್ಯಾನರ್ ಹಿಡಿದು.
ಎರಡು ನಿಮಿಷ. ಬೆಂಚು ಬಂಡೆಯಾಯಿತು.
ಇಲಾಖೆಗೆ ಆಗದ್ದು ಅಂತ ಹೊಗಳಿ ಚಹಾ ಕೊಟ್ಟೆ.

ಹತ್ತೂವರೆಗೆ ಮಕ್ಕಳು ಹತ್ತಿ ಕೂತರು.
ಬಸ್ಸು ಹೊರಡಲೇ ಇಲ್ಲ.
ಎಷ್ಟು ವಾಲಿದರೂ ಆಯನೂರಿನ ಗುಂಡಿ ಬರಲಿಲ್ಲ,
ಕುಂಸಿಯ ತಿರುವೂ ಬರಲಿಲ್ಲ.
ಉಜ್ಮಾ ತುಟಿ ಉಬ್ಬಿಸಿ ಇಳಿದಳು:
“ಇದು ಬಸ್ಸಲ್ಲ. ಬೆಂಚು.”

ಮರೆತೋ, ಬೇಕೆಂದೋ,
ರಾಯರು ಕಿಟಕಿಯ ಮೇಲೆ ಸ್ಪ್ಯಾನರ್ ಬಿಟ್ಟು ಹೋಗಿದ್ದರು.
ಎಲ್ಲರನ್ನೂ ಇಳಿಸಿ, ಅದನ್ನು ತುಕ್ಕುವಿನ ಕೈಗೆ ಕೊಟ್ಟೆ.
ಬೈಯುವವರು ಬೈಯಲಿ,
ಬೆಂಚಿನ ಕಾಲು ಹಿಡಿದು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತೆ.

ನಾಲಗೆ ತುಸು ಹೊರಗೆ. ಎರಡೂ ಕೈ ಕಬ್ಬಿಣದ ಮೇಲೆ.
ಒಮ್ಮೆ ಅತ್ತ ತಿರುಗಿಸಿದ, ಇನ್ನೂ ಬಿಗಿಯಿತು.
ನಿಂತ. ಕೈಯನ್ನೇ ನೋಡಿಕೊಂಡ.
ಆಮೇಲೆ ಇತ್ತ.
ಅರ್ಧ ಸುತ್ತು.
ಇನ್ನರ್ಧ.
“ಸಾಕು, ಟೀಚರ್. ಇಷ್ಟೇ ಅಲ್ಲಾಡಬೇಕು.”

ಸಾಗರ್ ಸಾಗರ್ ಸಾಗರ್!
ಆನಂದಪುರ ದಾಟುವಾಗ ನಮೂನೆ ತೆಗೆದು
‘ಎಡ ಬಲ’ದ ಮುಂದೆ ಸರಿ ಗುರುತು ಹಾಕಿದೆ.
ಷರಾ ಬರೆಯಲು ಹೋದರೆ
ಅಕ್ಷರವೆಲ್ಲ ಸೊಟ್ಟ, ಝಡ್ ಝಡ್ ಝಡ್ ಎಂದ ಹಾಗೆ.
ನಾನೂ ಅದೇ ಬೆಂಚಿನ ತುದಿಗೆ ಕೂತಿದ್ದೆ,
ಟಿಕೆಟ್ಟು ತಗೊಂಡಿರಲಿಲ್ಲ.