ಒಂದು ಮೀಟರ್ ಇಪ್ಪತ್ತು

ಲಿಂಗಸುಗೂರಿನಿಂದ ಮುದಗಲ್ಲಿಗೆ ಹೋಗೋ ದಾರ್ಯಾಗ
ಬಲಕ್ಕ ತಗಡಿನ ಶೆಡ್ಡು.
ಒಳಗ ನಾನು, ಒಂದು ಫ್ಯಾನು,
ನಾಕುನೂರಾ ಹನ್ನೆರಡು ಪೆಟ್ಟಿಗಿ ಕಲ್ಲು.

ಹಟ್ಟಿ ಗಣಿಯಾಗ ಇಪ್ಪತ್ತೊಂಬತ್ತು ವರ್ಷ ಇಳಿದು ಏರಿದವ ನಾ.
ಈಗ ಇಳಿಯೂದಿಲ್ಲ, ಕಲ್ಲೇ ಮ್ಯಾಲ ಬರತಾವು,
ಡ್ರಿಲ್ಲು ಕೊರೆದ ಕಲ್ಲು, ಮುಂಗೈ ದಪ್ಪ.
ಬಳಿಗಾರ ಬಳಿ ಇಟ್ಟಂಗ ಸಾಲಾಗಿ ಜೋಡಸತೀನಿ,
ಬಾಣದ ಗುರುತು ಹಾಕತೀನಿ: ಇದು ಮ್ಯಾಲ, ಇದು ಕೆಳಗ.
ಒಂದು ತುಂಡು ತಿರುಗುಮುರುಗು ಆತಂದ್ರ
ಭೂಮಿನೇ ತಲಿಕೆಳಗ.

ದಿಲ್ಲಿಯಿಂದ ಕಾಗದ ಬಂದೈತಿ.
ಮಿಷನ್ ಅಂತ. ದೇಶದ್ದು.
ಫೋನಿಗೆ, ಬ್ಯಾಟರಿಗೆ ಬೇಕಾದ ಹಗುರ ಲೋಹ
ನಮ್ಮ ಕಲ್ಲಾಗ ಐತೇನು, ಎಷ್ಟೈತಿ,
ತಿಂಗಳ ಅಖೈರಿಗೆ ಹೇಳಬೇಕಂತ.
ಬ್ಯಾರೆ ದೇಶದವರು ಇಪ್ಪತ್ತು ವರ್ಷ ಮುಂದ ಹೋಗ್ಯಾರಂತ.
ಈ ಕಲ್ಲಿಗೆ ಇನ್ನೂರೈವತ್ತು ಕೋಟಿ ವರ್ಷ ಅಂತಾರ ಮೇಡಂ.
ಅಷ್ಟು ದಿನ ಸುಮ್ಮನ ಕುಂತದ್ದು
ಈಗ ಶುಕ್ರವಾರದ ತನಕ ತಡಿಯಂಗಿಲ್ಲ.

ಮೇಡಂ ಅಂದ್ರ ತರನ್ನುಮ್,
ರಾಯಚೂರಿನ ಅಂದ್ರೂನ್ ಕಿಲ್ಲಾದ ಹುಡುಗಿ.
ಅವರಪ್ಪ ಗಡಿಯಾರ ರಿಪೇರಿ ಮಾಡತಿದ್ದರಂತ,
ಅದಕ್ಕ ಇರಬೇಕು, ಒಂದು ಕಣ್ಣು ಮುಚ್ಚಿ
ಮಸೂರದಾಗ ಕಲ್ಲು ನೋಡೂದು.
ತೊಯ್ಸಿದರ ಕಲ್ಲು ಬಣ್ಣ ಬಿಟ್ಟುಕೊಡತೈತಿ ಅಂತ ನಾ ಕಲಿಸಿದೆ.
ಬಣ್ಣದ ಹೆಸರು ಆಕಿ ಕಲಿಸಿದಳು:
ಸ್ಪಾಡ್ಯುಮೀನ್.
ಹಲ್ಲಿಲ್ಲದ ಬಾಯಾಗ ಅದು ನಿಲ್ಲವಲ್ಲದು.

ವೈಶಾಖದಾಗ ಡ್ರಿಲ್ಲು ನಿಂತಿತು.
ವಜ್ರದ ಬಿಟ್ಟು ಸವದಿತ್ತು. ಹೊಸಾದು ಸಮುದ್ರದಾಚೆಯಿಂದ ಬರಬೇಕು,
ಯಾರ ಕೂಡ ಪಂದ್ಯ ಹಚ್ಚೀವೋ ಅವರ ಊರಿಂದನೇ.
ಬಂದರದಾಗ ಇಪ್ಪತ್ತೆರಡು ದಿನ ಕಾಗದಪತ್ರ.
ಓಟಕ್ಕ ನಿಂತು ಎದುರಾಳಿ ಕಡೆನೇ ಬೂಟು ಕಡಾ ಕೇಳಿದಂಗ ಆತಲ್ರಿ, ಅಂದೆ.
ಮೇಡಂ ನಗಲಿಲ್ಲ.
ಸಂಜಿಮುಂದ ಚಾ ಕುಡಿಯುವಾಗ ನಕ್ಕಳು.

ಮೂರನೇ ಬೋರು. ನೂರಾ ಎಂಬತ್ತೇಳು ಮೀಟರ್.
ಕೊಳವಿ ಮ್ಯಾಲ ಬಂತು, ಅರ್ಧ ಖಾಲಿ.
ಒಂದು ಮೀಟರ್ ಇಪ್ಪತ್ತು ಪುಡಿಯಾಗಿ ನೀರಿನ ಕೂಡ ಹೋಗಿತ್ತು.
ಅದೂ ಎಲ್ಲಿ?
ತಿಳಿ ಹಸಿರು ಹರಳು ಸುರುವಾಗೋ ಜಾಗದಾಗ.

ಸೋಮವಾರ ದೊಡ್ಡವರು ಬರತಾರ, ಕ್ಯಾಮೆರಾ ಬರತಾವು.
ಕಂತ್ರಾಟಿನ ಸೂಗರೆಡ್ಡಿ ಹಂತ್ಯಾಕ ಬಂದು ಕುಂತ:
ಕಾಕಾ, ಎರಡನೇ ಬೋರಿನ್ಯಾಗ ಇಂಥಾವೇ ಅದಾವಲ್ಲ,
ನಾಕು ತುಂಡು ಇಲ್ಲಿಡು.
ಕಲ್ಲಿಗೇನು ಮುಖ ಐತಿ? ದೇಶದ ಕೆಲಸ.

ದೇಶದ ಕೆಲಸ.
ಸುಳ್ಳ್ಯಾಕ ಹೇಳಲಿ, ಎರಡು ತುಂಡು ಕೈಯಾಗ ಹಿಡಿದೂ ಹಿಡಿದೆ.
ಸರಿಯಾಗಿ ಕೂಡತಿದ್ದವು.

ಬಾಗಿಲದಾಗ ತರನ್ನುಮ್.
ಬೈಲಿಲ್ಲ. ಮೂಲ್ಯಾಗಿನ ಬೇವಿನ ಕಟ್ಟಿಗಿ ಎಳದಳು,
ನನ್ನ ಕೈಯಾಗಿನ ಕಲ್ಲು ಇಸಕೊಂಡು ಗರಗಸ ಕೊಟ್ಟಳು.
ಕೊಯ್ಯಿರಿ ಕಾಕಾ, ಒಂದು ಗೇಣು ಸಾಕು.
ಕೊಯ್ದೆ. ಪೆನ್ಸಿಲಿನಿಂದ ಅದರ ಮ್ಯಾಲ ಬರದಳು:
ಸಿಕ್ಕಿಲ್ಲ. ೧.೨೦ ಮೀ.
ಕೆಳಗ ತಾರೀಖು, ಸಹಿ.

ಸೋಮವಾರ ಒಬ್ಬರು ಬೊಟ್ಟು ಮಾಡಿದರು: ಇದೇನಿದು ಕಟ್ಟಿಗಿ?
ನಮಗ ಗೊತ್ತಿಲ್ಲದ್ದರ ಅಳತಿ ಸರ್, ಅಂದಳು.
ಕ್ಯಾಮೆರಾ ಮುಂದಿನ ಪೆಟ್ಟಿಗಿಗೆ ಹೋತು.

ಕಲ್ಲು ಸೀಳಿ ಅರ್ಧ ಪ್ರಯೋಗಶಾಲೆಗೆ ಕಳಿಸ್ಯಾರ.
ಉತ್ತರ ಬಂದಿಲ್ಲ. ಡ್ರಿಲ್ಲು ಹತ್ತು ಹೆಜ್ಜಿ ಸರದು
ಅದೇ ಹಸಿರಿನ ಬೆನ್ನು ಹತ್ತಿ ಮತ್ತ ಇಳಿಯಾಕ ಹತ್ತೈತಿ.
ನಾ ದಿನಾ ಧೂಳು ಹೊಡೀತೀನಿ.
ಬೇವಿಗೆ ಗೆದ್ದಲ ಹತ್ತಂಗಿಲ್ಲ ಅಂತಾರ,
ಆದರೂ ಆ ತುಂಡಿಗೆ
ಅಕ್ಷರ ಅಳಿಯದಂಗ, ಸುತ್ತಾ ಅಷ್ಟೇ,
ವಾರಕ್ಕೊಮ್ಮೆ ಎಣ್ಣಿ ಹಚ್ಚತೀನಿ.