ಆರದ ಚಾಪೆ

ಪರೇಲಿನ ಆಸ್ಪತ್ರೆಯ ನೆಲಮಾಳಿಗೆ. ರಾತ್ರಿ ಒಂದೂವರೆ.
ಕಡೆಯ ಲೋಕಲ್ ಹೋಗಿಯಾಯಿತು.
ಕಪಾಟಿನಲ್ಲಿ ಮೇಲೊಂದು, ಕೆಳಗೊಂದು ಪೆಟ್ಟಿಗೆ:
ಒಂದು ಎಚ್ಚರವಿದ್ದರಷ್ಟೇ
ಇನ್ನೊಂದಕ್ಕೆ ಕಣ್ಣು ಮುಚ್ಚಲು ಅಪ್ಪಣೆ.

ಫೋರ್ಟಿನ ಹೋಟೆಲಿನಲ್ಲಿ ನಮ್ಮ ದೊಡ್ಡಪ್ಪ
ಹೀಗೇ ಮಲಗುತ್ತಿದ್ದರಂತೆ.
ದೋಸೆಕಲ್ಲಿನ ಐತಪ್ಪ ಏಳಬೇಕು, ಇವರು ಒರಗಬೇಕು.
ಹನ್ನೊಂದು ವರ್ಷ ಆ ಚಾಪೆ ಆರಲೇ ಇಲ್ಲ.

ಭಾರವನ್ನು ಕೆಳಗಿನದಕ್ಕೆ ದಾಟಿಸಿ
ಮೇಲಿನದರ ಮೂರನೇ ಡಿಸ್ಕ್ ಎಳೆದೆ.
ಅಂಗೈಯಲ್ಲಿ ಬೆಚ್ಚಗಿತ್ತು,
ಕಾವಿನಿಂದ ಎತ್ತಿದ ಮೊಟ್ಟೆಯ ಹಾಗೆ.
ಹೊಸದನ್ನು ತಳ್ಳಿದೆ. ಟಕ್.
ಹಳದಿ ದೀಪ. ಶೇಕಡಾ ಸೊನ್ನೆ.

ಎರಡನೇ ಮಹಡಿಯಲ್ಲಿ ಈಗ ಯಾರದೋ ತಲೆ
ಬಿಳಿ ಸುರಂಗದೊಳಗೆ ಸರಿಯುತ್ತಿದೆ.
ಅದರ ಚಿತ್ರ ಇಳಿದು ಬಂದು ಜಾಗ ಕೇಳುವಾಗ
ತುಂಬಿದೆ, ಮುಂದೆ ಹೋಗು
ಎನ್ನುವ ಹಾಗಿಲ್ಲ.

ಕಾವಲಿನ ತಾವಡೆ ಕಟಿಂಗ್ ಚಹಾ ಹಿಡಿದು ಬಂದ.
"ಜಾಗಾ ವಾಢಲೀ ಕಾ?"
ಎಲ್ಲಿ ಮಾರಾಯ!
ಎಂಟರಲ್ಲಿ ಏಳು ದೊಡ್ಡವಾದರೂ
ಲೆಕ್ಕ ಹಿಡಿಯುವುದು ಸಣ್ಣವನದ್ದೇ.
ಕಡೆಯವನು ಬದಲಾಗುವ ತನಕ
ಒಂದು ಗೇಣೂ ಬೆಳೆಯುವುದಿಲ್ಲ.

ಅವನು ಲೋಟ ಕುಲುಕಿ ನಕ್ಕ:
ಅವನ ಖೋಲಿ ಹತ್ತಡಿ. ಏಳನೆಯ ಕೂಸು ಹುಟ್ಟಿದ ಮೇಲೆ
ಅಟ್ಟ ಹಾಕಿದ್ದು.
ಬಡಗಿ ಮೊಳೆ ಹೊಡೆಯುವಾಗಲೂ
ಕೆಳಗೆ ಬಾಣಂತಿಗೆ ನಿದ್ದೆ.

ನಾಲ್ಕು ಗಂಟೆಗೆ ಶೇಕಡಾ ಹನ್ನೊಂದು.
ತೆಗೆದ ಡಿಸ್ಕುಗಳಿಗೆ ನಾಳೆ ಡ್ರಿಲ್ಲು.
ಒಳಗೆ ಎಷ್ಟು ಬಿರುಕು ಎಲುಬು,
ಹುಟ್ಟುವ ಮೊದಲೇ ತೆಗೆದ ಎಷ್ಟು ಮುಖ,
ಎಲ್ಲಕ್ಕೂ ನಕಲುಂಟು, ಗೊತ್ತು. ಆದರೂ
ಮಗುಚಿಡಲು ಮನಸ್ಸಾಗಲಿಲ್ಲ.

ಮೊದಲ ಲೋಕಲ್‌ಗೆ ಎದ್ದೆ.
ಪಾಳಿಗೆ ಬಂದ ಫಿಲೊಮಿನಾ
ಕುರ್ಚಿ ಮುಟ್ಟಿ, "ಇಶ್ಶೀ, ಇನ್ನೂ ಬಿಸಿ" ಎಂದು
ಒಂದು ನಿಮಿಷ ನಿಂತೇ ಇದ್ದಳು.