ಓರೆಪಟ್ಟಿ

ನೇರ ಕತ್ತರಿಸಿದರೆ ಮಾತು ಕೇಳುವುದಿಲ್ಲ ಬಟ್ಟೆ,
ಎಂದಳು ಬೋಗುಮಿವಾ, ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ.
ಹಾಸಿನ ಗುಂಟವೂ ಬೇಡ, ಹೊಕ್ಕಿನ ಗುಂಟವೂ ಬೇಡ,
ಮೂಲೆಯಿಂದ ಮೂಲೆಗೆ ಸೀಮೆಸುಣ್ಣ ಎಳಿ.
ಕತ್ತರಿಸು. ಈಗ ಹಿಡಿದು ಜಗ್ಗು.
ಜಗ್ಗಿದೆ. ಬಂತು, ರಬ್ಬರಿನ ಹಾಗೆ,
ಅದೇ ಹತ್ತಿ, ಅದೇ ಹೂವು,
ಅದೇ ಮೀಟರಿಗೆ ಹನ್ನೆರಡು ಜ್ವೋಟಿ.

ವೂಚ್ ಊರಿನ ಬಾವೂತಿ ಬಡಾವಣೆ, ನಾಲ್ಕನೇ ಮಹಡಿ.
ಕಿಟಕಿಯಾಚೆ ಗಿರಣಿಯ ಕೆಂಪಿಟ್ಟಿಗೆ ಚಿಮಣಿ,
ಅದರಡಿ ಈಗ ಬೂಟಿನಂಗಡಿ, ಐಸ್‌ಕ್ರೀಂ ಅಂಗಡಿ.
ಅಲ್ಲಿ ಮೂವತ್ತೊಂದು ವರ್ಷ ಅವಳದು ಒಂದೇ ಕೆಲಸ:
ಕೊರಳಿಗೆ ಪಟ್ಟಿ.
ತೋಳು ಬೇರೆಯವಳದು, ಗುಂಡಿ ಬೇರೆಯವಳದು,
ಜೇಬು ಕೆಳಮಹಡಿಯಲ್ಲಿ ಯಾರದೋ.
ಇವಳ ಮೇಜಿಗೆ ಬರುವಾಗ ಅಂಗಿಗೆ ಕೈಯಿಲ್ಲ,
ಹೋಗುವಾಗಲೂ ಇಲ್ಲ.
ಇಡೀ ಅಂಗಿಯನ್ನು ಮೊದಲು ಕಂಡದ್ದು ಆಸ್ಪತ್ರೆಯಲ್ಲಂತೆ,
ಹೆರಿಗೆಗೆ ಮಲಗಿದಾಗ, ತನ್ನದೇ ಮೈಮೇಲೆ.
"ಕೊರಳು ಮುಟ್ಟಿ ನೋಡಿದೆ. ಶುಕ್ರವಾರದ ಹೊಲಿಗೆ.
ಯಾರೋ ಅವಸರದಲ್ಲಿದ್ದಳು. ನಾನೇ ಇರಬೇಕು."

ನಾನು ಹೊಲಿಯಹೊರಟದ್ದು
ತಮ್ಮನ ಮಗುವಿಗೊಂದು ಜೊಲ್ಲುಬಟ್ಟೆ.
ಎರಡು ಅಂಗೈಯಗಲ. ಆದರೆ ಸುತ್ತಲೂ ತಿರುವು,
ನೇರ ಅನ್ನುವುದು ಎಲ್ಲೂ ಇಲ್ಲ,
ಕತ್ತರಿ ಮುಟ್ಟಿದ ಕಡೆಯೆಲ್ಲ ಆಗಲೇ
ಎಳೆ ಬಿಡತೊಡಗಿತ್ತು, ಹಲ್ಲುಜ್ಜುವ ಬ್ರಶ್ಶಿನಂತೆ.
ಒಳತಿರುವಿನಲ್ಲಿ ಪಟ್ಟಿಯನ್ನು ತುಸು ಎಳಿ,
ಹೊರತಿರುವಿನಲ್ಲಿ ಸಡಿಲ ಬಿಡು,
ಕುಡಿದು ಬಂದ ಗಂಡನಿಗೆ ಮೆಟ್ಟಿಲು ಹತ್ತಿಸುವ ಹಾಗೆ,
ಎಂದು ತಾನೇ ನಕ್ಕಳು, ಆಮೇಲೆ ಕೆಮ್ಮಿದಳು.
ಕೊನೆಯ ಕೂಡಿಕೆ. ಎರಡು ತುದಿ, ಓರೆಗೆ ಓರೆ ಸೇರಬೇಕು.
ಸೇರಿಸಿದೆ. ಬಿಡಿಸಿ ನೋಡಿದರೆ ತಿರುಚಿಕೊಂಡು
ಹಗ್ಗ.
ಬಿಚ್ಚಿದೆ. ಮತ್ತೆ ಹಗ್ಗ.
ಮೂರನೇ ಸಲಕ್ಕೆ ಅಳು ಬಂದು ಗಂಟಲಲ್ಲಿ ಕೂತಿತ್ತು.
ಅವಳು ಏನೂ ಅನ್ನದೆ
ಹೊಲಿಗೆ ಬಿಚ್ಚುವ ಕೊಕ್ಕೆಯನ್ನು ನನ್ನ ಕಡೆ ಸರಿಸಿ
ಚಹಾಕ್ಕೆ ನೀರಿಟ್ಟಳು.

ನವೆಂಬರಿನಲ್ಲಿ ಅವಳಿಗೆ ಎದೆಯ ಎಕ್ಸ್‌ರೇ,
ಹತ್ತಿಯ ಧೂಳು ಮನೆಮಾಡಿದ ಎದೆ.
ಜೊತೆಗೆ ಹೋದೆ. ಕಾರಿಡಾರು, ಬೆಂಚು, ಒದ್ದೆ ಕೊಡೆಗಳು.
ಅವಳ ಕೋಟು, ಬಡಾವಣೆಗೆಲ್ಲ ಗೊತ್ತಿರುವ ಬೂದಿಬಣ್ಣದ ಕೋಟು,
ಮೊಳೆಗೆ ತಗುಲಿಸಲು ಇಸಿದುಕೊಂಡೆ.
ತೋಳು ಒಳಹೊರಗಾಗಿ ಬಂತು.

ಅಸ್ತರು ಇಲ್ಲ.
ಒಳಗಿನ ಒಂದೊಂದು ಹೊಲಿಗೆಗೂ, ಕತ್ತರಿಸಿದ ಒಂದೊಂದು ಅಂಚಿಗೂ
ಪಟ್ಟಿ.
ಆಕಾಶನೀಲಿ. ಬೀಟ್‌ರೂಟಿನ ಕೆಂಪು. ಸಾಸಿವೆ ಹಳದಿ.
ಚುಕ್ಕೆಯದು, ಗೆರೆಯದು, ಬಾತುಕೋಳಿಯ ಅರ್ಧ ಕೊಕ್ಕು.
ಗೇಣಿಗೊಂದು ಬಣ್ಣ, ಓರೆಗೆ ಓರೆ ಕೂಡಿಸಿ ಕೂಡಿಸಿ,
ಎಲ್ಲಿ ಮುಗಿದು ಎಲ್ಲಿ ಶುರುವೆಂದು
ಉಗುರಿಗೂ ತಿಳಿಯದ ಹಾಗೆ.

ನರ್ಸು ನಿಂತಳು. ಬೆಂಚಿನ ಮುದುಕನೊಬ್ಬ ಕನ್ನಡಕ ಹುಡುಕಿದ.
"ನೀಲಿ ಎಪ್ಪತ್ತನಾಲ್ಕರದು," ಬಾಗಿಲಿನಿಂದ ಅವಳ ದನಿ,
ಬ್ಲೌಸಿನ ಗುಂಡಿ ಇನ್ನೂ ಅರ್ಧ,
"ಕೂಸುಗಳ ಅಂಗಿ, ಹಡಗಿನಲ್ಲಿ ಹೋದವು.
ಕೆಂಪು, ಮುಷ್ಕರದ ವರ್ಷದ್ದು. ಆ ಥಾನು ಮುಗಿಯಲೇ ಇಲ್ಲ."
"ಕದ್ದದ್ದೇ?" ಕೇಳಿದಳು ನರ್ಸು, ನಗುತ್ತಲೇ.
"ಬಾಬಿನ್ ಡಬ್ಬಿಯಲ್ಲಿ ಎಷ್ಟು ಹಿಡಿಸುತ್ತದೋ ಅಷ್ಟು."

ಫಿಲ್ಮು ಬುಧವಾರ ಸಿಗುತ್ತದಂತೆ.
ಕೋಟು ತೊಟ್ಟಳು, ಕೆಳಗಿನಿಂದ ಮೇಲಕ್ಕೆ ಒಂದೊಂದೇ ಗುಂಡಿ.
ಹೊರಗೆ ಊರಿಗೂ ಅದೇ ಬೂದಿಬಣ್ಣ.
ಟ್ರಾಮಿನಲ್ಲಿ ಯಾರೋ ಎದ್ದು ಜಾಗ ಕೊಟ್ಟರು.
"ಆ ಜೊಲ್ಲುಬಟ್ಟೆ ಏನಾಯಿತು?"
ಚೀಲದಲ್ಲೇ ಇತ್ತು. ಕೊಟ್ಟೆ.
ಕಣ್ಣು ಮುಚ್ಚಿ ಬೆರಳು ಓಡಿಸಿದಳು, ಒಂದು ಸುತ್ತು, ಇನ್ನೊಂದು,
ಕೂಡಿಕೆಯ ಹತ್ತಿರ ತಡೆದು
"ಸಿಕ್ಕಿತು," ಅಂದಳು.
ಸಿಗಬಾರದಿತ್ತು.
ಎರಡು ಸ್ಟಾಪು ದಾಟಿದ ಮೇಲೆ, ಕಿಟಕಿಯ ಕಡೆ ನೋಡುತ್ತ:
"ತೊಳೆದರೆ ಕೂರುತ್ತದೆ."